ಯಾರೂ ಸಾಯದ ಸೂತಕ

ಎರಡು ಕೆಲಸ ಕೈತಪ್ಪುವಷ್ಟರಲ್ಲಿ ನನಗೆ ಮನೆಯವರ ಮೇಲೆಯೇ ಗುಮಾನಿ ಹುಟ್ಟಿತ್ತು. ಸುಳ್ಯದ ಬಟ್ಟೆ ಅಂಗಡಿಯವರು, "ನಿನಗೆ ತಲೆಸುತ್ತು ಬರ್ತದಂತೆ, ನಿಂತು ಮಾಡುವ ಕೆಲಸ ಬೇಡ" ಎಂದು ಕಳಿಸಿಬಿಟ್ಟರು. ನನಗೆಲ್ಲಿಯ ತಲೆಸುತ್ತು! ಹೊಲಿಗೆ ಅಂಗಡಿಯಾಕೆ, ನನಗೆ ಮದುವೆ ನಿಶ್ಚಯವಾಗಿದೆಯೆಂದು ಯಾರಿಂದಲೋ ಕೇಳಿ ಬೇರೊಬ್ಬಳನ್ನು ಇಟ್ಟುಕೊಂಡಳು. ಗಂಡು ಯಾರೆಂದು ನನಗಾದರೂ ಹೇಳಬೇಡವೇ?

ಎರಡೂ ಸಲ, ಕೆಲಸ ಕಾಯಂ ಆಗುತ್ತದೆಂದು ನಾನು ಮನೆಯಲ್ಲಿ ಬಾಯಿಬಿಟ್ಟ ಮೇಲೆಯೇ ಹೀಗಾದದ್ದು. ನನ್ನ ಕಣ್ಣು ಅತ್ತಿಗೆಯ ಮೇಲಿತ್ತು. ಅವಳು ಫೋನ್ ಹಿಡಿದು ಅಂಗಳಕ್ಕಿಳಿದರೆ ನಾನು ಕಿಟಕಿಯ ಹತ್ತಿರ ಕಿವಿಯಾಗುತ್ತಿದ್ದೆ. ಅಣ್ಣ ಪಾಪ, ದಿನಾ ಬೈಕಿನಲ್ಲಿ ಬಸ್ಸಿನವರೆಗೆ ಬಿಡುತ್ತಿದ್ದ.

ಆಮೇಲೆ ಸಿಕ್ಕಿದ್ದು ಪುತ್ತೂರಿನ ಹೂವಿನ ಅಂಗಡಿ. ಅಂಗಡಿ ನಡೆಸುವ ಅಕ್ಕನಿಗೆ ನನ್ನ ಕೈಕೆಲಸ ಹಿಡಿಸಿತು. ಮಲ್ಲಿಗೆ ಕಟ್ಟುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕಾಯಂ ಆದರೆ ಮೊದಲ ಬಸ್ಸಿಗೇ ಬರಬೇಕು ಎಂದಳು. ಹಾಗಾದರೆ ನಮ್ಮ ತೋಟದ ರಬ್ಬರ್ ಮರಗಳನ್ನು ಬೆಳಗ್ಗೆ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಇನ್ನು ನನ್ನಿಂದಾಗದು ಎಂದು ಮನೆಯಲ್ಲಿ ಹೇಳಿದೆ. ಒಂದು ಚೂಡಿದಾರಕ್ಕೂ ಅಣ್ಣನ ಮುಖ ನೋಡುವ ಬಾಳು ನನಗೆ ಸಾಕಾಗಿತ್ತು.

ಮರುದಿನ ಅಕ್ಕ ನನ್ನನ್ನು ಮೆಟ್ಟಿಲಲ್ಲೇ ತಡೆದಳು.

"ಒಳಗೆ ಬರ್ಬೇಡ. ನಿಮ್ಗೆ ಸೂತಕ ಅಂತೆ. ಹೂ ಎಲ್ಲ ದೇವರಿಗೆ, ದೈವಕ್ಕೆ ಹೋಗುದು."

"ಯಾರು ತೀರಿದ್ದು ಅಕ್ಕ?"

"ಅದನ್ನೆಲ್ಲ ಕೆದಕಿ ಕೇಳ್ಲಿಕ್ಕಾಗ್ತದಾ? ನಿಮ್ಮ ಮನೆಯಿಂದಲೇ ಫೋನ್ ಬಂದದ್ದು. ಸೀಸನ್ ಟೈಮ್ ಬೇರೆ, ಇನ್ನೊಬ್ಬಳನ್ನು ಕರ್ದಿದ್ದೇನೆ."

ಮೊದಲು ನೆನಪಾದದ್ದು ಚಿಕ್ಕಪ್ಪ. ಗುಂಡ್ಯದಲ್ಲಿ ಚಹಾದಂಗಡಿ ಇಟ್ಟಿರುವ ಚಿಕ್ಕಪ್ಪನಿಗೆ ಹುಷಾರಿರಲಿಲ್ಲ. ಮೆಟ್ಟಿಲಲ್ಲೇ ನಿಂತು ಫೋನ್ ಮಾಡಿದೆ. ಚಿಕ್ಕಪ್ಪನೇ ಎತ್ತಿದರು.

"ನಾನು ಸಾಯ್ಲಿಲ್ಲ ಮಾರಾಯ್ತಿ! ನಮ್ಮ ಕುಟುಂಬದಲ್ಲಿ ಯಾರೂ ಸಾಯ್ಲಿಲ್ಲ. ಯಾರದ್ದು ಈ ಕಿತಾಪತಿ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಿಗೆಯನ್ನು ಮನಸ್ಸಿನಲ್ಲೇ ಸುಟ್ಟುಹಾಕುತ್ತಾ ಬಂದೆ. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ನನ್ನನ್ನು ಕಂಡು, "ಎಂತ ಇಷ್ಟು ಬೇಗ? ಜ್ವರವಾ?" ಎಂದಳು. ನಾಟಕ ಅಂದುಕೊಂಡೆ.

ಆಗ ಅಣ್ಣ ಹೊರಗೆ ಬಂದ. ತಲೆಗೆ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟಿದ್ದ, ಕೈಯಲ್ಲಿ ಅಡಿಕೆ ಹೂವಿನ ಹಿಂಗಾರ. ಕುಟುಂಬದ ದೈವಕ್ಕೆ ಅವತ್ತು ತಂಬಿಲ ಸೇವೆ. ನನ್ನನ್ನು ನೋಡಿದ, ಯಾಕೆ ಬಂದೆ ಎಂದು ಕೇಳಲಿಲ್ಲ. ಸೀದಾ ಚಪ್ಪಲಿಗೆ ಕಾಲು ಹಾಕಿದ.

ನಾನು ಅವನ ದಾರಿಗೆ ಅಡ್ಡ ನಿಂತೆ.

"ಸೂತಕ ನನಗೊಬ್ಬಳಿಗಾ ಅಣ್ಣ? ಬಂದ್ರೆ ಇಡೀ ಮನೆಗೇ ಬರ್ಬೇಕಲ್ಲ. ಮತ್ತೆ ನೀನು ದೈವದ ಕೆಲಸಕ್ಕೆ ಹೋಗುದು ಹೇಗೆ?"

"ಯಾವ ಸೂತಕ?" ಅತ್ತಿಗೆಯ ಕೈಯಿಂದ ಬಟ್ಟೆ ಜಾರಿತು. "ನಮ್ಮಲ್ಲಿ ಯಾರು ಸತ್ತದ್ದು?"

ಅಣ್ಣ ಹಾಕಿದ್ದ ಚಪ್ಪಲಿ ಕಳಚಿದ. "ನೀನು ಹೋದ್ರೆ ಟ್ಯಾಪಿಂಗ್ ಮಾಡುದು ಯಾರು?" ಎಂದ. ತಲೆಸುತ್ತು, ಮದುವೆ, ಸೂತಕ, ಮೂರಕ್ಕೂ ಅಷ್ಟೇ ಕಾರಣ. ನನಗೆ ಅಳು ಬರಲಿಲ್ಲ, ಉರಿ ಬಂತು.

"ಈಗಲೇ ಅಕ್ಕನಿಗೆ ಫೋನ್ ಮಾಡು. ಇಲ್ಲದಿದ್ರೆ ತಂಬಿಲಕ್ಕೆ ನಾನೂ ಬರ್ತೇನೆ, ದೈವದ ಎದುರಲ್ಲೇ ಕೇಳ್ತೇನೆ."

ಅವನು ಹೆದರಿದ್ದು ಅದಕ್ಕೆ. "ಸೂತಕ ಇಲ್ಲ ಅಕ್ಕ, ನಾನೇ ಸುಳ್ಳು ಹೇಳಿದ್ದು" ಎಂದು ಅಂಗಳದಲ್ಲಿ ನಿಂತು ಫೋನಿನಲ್ಲಿ ಹೇಳಿದ. ಅತ್ತಿಗೆ ಒಳಗೆ ಹೋಗಿ ಟ್ಯಾಪಿಂಗ್ ಕತ್ತಿ ತಂದು ಅವನ ಕಾಲ ಬುಡದಲ್ಲಿಟ್ಟಳು. "ನಾಳೆಯಿಂದ ನೀವೇ ಮಾಡಿ."

ಅಕ್ಕ ನನ್ನನ್ನು ವಾಪಸು ಕರೆದಳು. ಈಗ ಮೊದಲ ಬಸ್ಸಿಗೆ ಹೋಗುತ್ತೇನೆ, ನಡೆದೇ. ಅಣ್ಣ ಬೈಕ್ ತೆಗೆದರೂ ಹತ್ತುವುದಿಲ್ಲ. ಆದರೆ ಅಂಗಡಿಯಲ್ಲಿ ಅಕ್ಕನ ಫೋನ್ ರಿಂಗಾದರೆ ಇವತ್ತಿಗೂ ಹೂ ಕಟ್ಟುವ ನನ್ನ ಕೈ ನಿಂತುಬಿಡುತ್ತದೆ. ಅವಳು ಮಾತು ಮುಗಿಸಿ ಫೋನ್ ಕೆಳಗಿಡುವವರೆಗೆ ಅವಳ ಮುಖವನ್ನೇ ನೋಡುತ್ತಿರುತ್ತೇನೆ.