ಶ್ರೀಪತಣ್ಣನ ಎಡಗೈ

ಆಯುಧಪೂಜೆಯ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಕಡಿಯಾಳಿಗೆ ಹೋಗಿದ್ದ ಕರೆಂಟು ಮರಳಿ ಬಂತು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ತಲೆಯ ಮೇಲೆ ಫ್ಯಾನು ತಿರುಗತೊಡಗಿತು. ಇಂದಿಗೂ ಕರೆಂಟು ಹೋಗಿ ಬಂದಾಗೆಲ್ಲ ಮನೆಯಲ್ಲಿ ಯಾರ ಕೈ ಎಲ್ಲಿದೆಯೆಂದು ನೋಡುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಣಿಪಾಲದಲ್ಲಿ ಪಾಠ ಹೇಳುತ್ತಿದ್ದ ನಾನು ಕಡಿಯಾಳಿಯಲ್ಲಿ ಶ್ರೀಪತಣ್ಣನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಅಂಚೆ ಕಚೇರಿಯ ಗುಮಾಸ್ತರು. ಮನೆಯಲ್ಲಿ ಅವರು, ತಾಯಿ ಪದ್ದಕ್ಕ, ಮತ್ತು ಊರವರು ರಿಪೇರಿಗೆ ತಂದಿಟ್ಟ ಮೂಕ ರೇಡಿಯೋಗಳು. ಹಳೆಯ ಬಾಗಿಲೊಂದನ್ನು ಎರಡು ಬೆಂಚುಗಳ ಮೇಲೆ ಮಲಗಿಸಿ ಜಗಲಿಯ ಮೂಲೆಯಲ್ಲಿ ಮೇಜು ಮಾಡಿಕೊಂಡಿದ್ದರು. ತೆಂಗಿನ ಗೆರಟೆಯಲ್ಲಿ ರಾಳ, ಬಗ್ಗಿಸಿದ ತಂತಿಯ ಮೇಲೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್, ಕಾಲಡಿಗೆ ದಪ್ಪ ರಬ್ಬರು ಹಾಸು. ಕರೆಂಟಿರುವ ರೇಡಿಯೋದೊಳಗೆ ಕೈಹಾಕುವಾಗ ಎಡಗೈಯನ್ನು ಬೆನ್ನ ಹಿಂದೆ ಪಂಚೆಗೆ ಸಿಕ್ಕಿಸಿಕೊಳ್ಳುತ್ತಿದ್ದರು.

"ಎರಡು ಕೈ ಕೊಟ್ರೆ ಕರೆಂಟು ಎದೆಯೊಳಗಿಂದಲೇ ದಾರಿ ಮಾಡ್ತದೆ ಮೇಷ್ಟ್ರೇ. ಅದಕ್ಕೆ ಗುರ್ತ ಪರಿಚಯ ಎಂತದೂ ಇಲ್ಲ."

"ಹೆಣ್ಣು ನೋಡ್ಲಿಕ್ಕೆ ಹೋದಾಗಲೂ ಹೀಗೇ ಕೂತಿದ್ದ," ಪದ್ದಕ್ಕ ಒಳಗಿನಿಂದಲೇ ಚುಚ್ಚುತ್ತಿದ್ದರು. "ಕೈಯಲ್ಲಿ ಊನ ಉಂಟು ಅಂತ ಅವರು ಒಪ್ಪಲೇ ಇಲ್ಲ!"

ಆ ದಿನ ಪೂಜೆಗೆ ಮೊದಲು ಒಂದು ರೇಡಿಯೋ ಮುಗಿಸಿಬಿಡೋಣವೆಂದು ಶ್ರೀಪತಣ್ಣ ಐರನ್ನಿನ ಸ್ವಿಚ್ಚು ಹಾಕಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಸ್ವಿಚ್ಚು ಹಾಗೆಯೇ ಉಳಿಯಿತು. ಅವರು ಸ್ನಾನಕ್ಕೆ ಹೋದರು. ಒದ್ದೆ ಸೀರೆಯ ಮಡಿಯಲ್ಲಿ ಬಂದ ಪದ್ದಕ್ಕ, ರಬ್ಬರು ಹಾಸನ್ನು ಎಳೆದುಹಾಕಿ ನೆಲ ಒರೆಸಿ ರಂಗೋಲಿ ಹಾಕಿದರು. ಐರನ್ನಿಗೆ ನೀರು ಚಿಮುಕಿಸಿ, ಕುಂಕುಮ ಹಚ್ಚಲು ಅದರ ಲೋಹದ ತುದಿಯನ್ನು ಹಿಡಿದರು.

ಫ್ಯಾನು ತಿರುಗಿತು. ಪದ್ದಕ್ಕನ ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಹಿಡಿದ ಕೈ ಬಿಡಲಿಲ್ಲ.

ನಾನು ಎದ್ದು ಅವರತ್ತ ಕೈಚಾಚಿದೆ. "ಮುಟ್ಟಬೇಡಿ! ಮೈನ್! ಮೈನ್!" ಬಚ್ಚಲಿನಿಂದ ಓಡಿಬಂದ ಶ್ರೀಪತಣ್ಣನ ಮೈಯಿಂದ ನೀರಿಳಿಯುತ್ತಿತ್ತು. ತಾಯಿ ಕಣ್ಣೆದುರು ನಡುಗುತ್ತಿದ್ದರೂ ಅವರ ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಬಲಗೈಯಲ್ಲಿ, ಪೂಜೆಗೆಂದು ಗೋಡೆಗೊರಗಿಸಿದ್ದ ಒಣ ಮಣೆಯೆತ್ತಿ ತಾಯಿಯ ಮಣಿಕಟ್ಟಿಗೆ ಬೀಸಿದರು. ಹೆತ್ತವಳಿಗೆ ಹೊಡೆದ ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾನು ಮೈನ್ ಸ್ವಿಚ್ಚು ಆರಿಸುವಾಗ ಪದ್ದಕ್ಕ ರಂಗೋಲಿಯ ಮೇಲೆ ಬಿದ್ದಿದ್ದರು.

ಅವರು ಉಳಿದರು. ಆಸ್ಪತ್ರೆಯಿಂದ ಬಂದವರೇ, "ಈ ಸಲ ಮಗ ಆಯುಧಪೂಜೆ ಮಾಡಿದ್ದು ನನಗೇ ಮಾರಾಯ್ರೆ," ಎಂದು ನೋಡಲು ಬಂದವರನ್ನೆಲ್ಲ ನಗಿಸಿದರು. ಶ್ರೀಪತಣ್ಣ ನಗಲಿಲ್ಲ. ಮೇಜು ಕಳಚಿದರು. ಊಟಕ್ಕೆ ಕುಳಿತಾಗ, ಮಲಗಿದಾಗ ಕೂಡ ಎಡಗೈ ಬೆನ್ನ ಹಿಂದೆ. ರಾತ್ರಿಯಲ್ಲಿ ಎದ್ದೆದ್ದು ಸ್ವಿಚ್ಚುಗಳನ್ನು ನೋಡಿಬರುತ್ತಿದ್ದರು. ನನಗದು ಗೊತ್ತು, ನಾನೂ ಎಚ್ಚರವಿರುತ್ತಿದ್ದೆ.

ಕೊನೆಗೆ ಪದ್ದಕ್ಕನೇ ಸಿಟ್ಟಾದರು. "ನಾನು ಬದುಕಿದ್ದೇನಲ್ಲ? ರೇಡಿಯೋಗಳು ಯಾಕೆ ಸಾಯ್ಬೇಕು? ಮೇಜು ಹಾಕು."

ಶ್ರೀಪತಣ್ಣ ಅಂಗಳದಲ್ಲಿ ಗುಂಡಿ ತೋಡಿ, ಕೊಳವೆ ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ, ಮೇಜಿನಿಂದ ಅಲ್ಲಿಗೆ ಅರ್ಥಿಂಗಿನ ತಂತಿ ಎಳೆದರು. ಕರೆಂಟು ದಾರಿ ತಪ್ಪಿದರೆ ಮನುಷ್ಯರನ್ನು ಬಿಟ್ಟು ನೆಲಕ್ಕಿಳಿಯಲಿ ಎಂದು. ಗುಂಡಿ ಒಣಗುವಂತಿರಲಿಲ್ಲ. ತುಳಸಿಗೆ ನೀರೆರೆದ ಮೇಲೆ ಅದಕ್ಕೂ ಒಂದು ಚೊಂಬು ಎರೆಯುವುದು ಪದ್ದಕ್ಕನ ನಿತ್ಯಕರ್ಮವಾಯಿತು.

ಶ್ರೀಪತಣ್ಣ ಈಗಿಲ್ಲ. ನಾನು ಕಾರ್ಕಳಕ್ಕೆ ಬಂದ ಮೇಲೆ, ನಿದ್ದೆಯಲ್ಲೇ ಹೋದರೆಂದು ಸುದ್ದಿ ಬಂತು. ಅದನ್ನು ಕೇಳಿದಾಗ ನೆನಪಾದದ್ದು ಆ ಏಟಿನ ಮರುವರ್ಷದ ಆಯುಧಪೂಜೆ. ಅಂದು ಅವರು ಮೈನ್ ಬೋರ್ಡಿನಿಂದ ಫ್ಯೂಸು ಕಿತ್ತು ತಾಯಿಯ ಕೈಗೆ ಕೊಟ್ಟರು. ಪದ್ದಕ್ಕ ಅದನ್ನು ಸೆರಗಿಗೆ ಗಂಟುಹಾಕಿಕೊಂಡ ಮೇಲೆಯೇ ಮೇಜಿಗೆ ನೀರು, ಹೂವು, ಕುಂಕುಮ.

ಸಂಜೆ ಶ್ರೀಪತಣ್ಣ ಕೈಚಾಚಿದರು. "ಅಮ್ಮಾ, ಫ್ಯೂಸು."

"ಪೂಜೆಗಿಟ್ಟ ಆಯುಧ ನಾಳೆವರೆಗೆ ಎತ್ಲಿಕ್ಕಿಲ್ಲ. ಇದೂ ಆಯುಧವೇ. ಚಿಮಿಣಿ ಹೊತ್ತಿಸು."

ಮರುದಿನ ನಾನೆದ್ದಾಗ ಅಂಗಳಕ್ಕೆ ಬಿಸಿಲು ಬಂದಿತ್ತು, ಫ್ಯೂಸು ಇನ್ನೂ ಸೆರಗಿನ ಗಂಟಿನಲ್ಲೇ ಇತ್ತು. ಪದ್ದಕ್ಕ ಗುಂಡಿಗೆ ನೀರೆರೆಯುತ್ತ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಜಗಲಿಯ ಚಾಪೆಯಲ್ಲಿ ಶ್ರೀಪತಣ್ಣ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಎಡಗೈ ಚಾಪೆಯಾಚೆಗೆ ಚಾಚಿಕೊಂಡು, ಬರಿನೆಲದ ಮೇಲೆ ಬೆರಳು ಬಿಡಿಸಿ ಬಿದ್ದಿತ್ತು.