ಖಾಲಿ ಪರಾತದ ಸಪ್ಪಳ

ಮೂರು ವರ್ಷ ನಾನು ದಿನಾ ಸಂಜೆ ಏಳು ಗಂಟೆಗೆ ಅಡುಗೆಮನೆಯಲ್ಲಿ ನಿಂತು, ರೊಟ್ಟಿ ಬಡಿಯುವ ಅಗಲ ತಟ್ಟೆಯಾದ ಪರಾತವನ್ನು ಖಾಲಿಯಾಗಿಯೇ ಬಡಿದಿದ್ದೇನೆ. ಇದನ್ನು ಓದಿದವರು ನನ್ನ ತಲೆ ಸರಿಯಿರಲಿಲ್ಲ ಅಂದುಕೊಳ್ಳಬಹುದು. ಸರಿಯೇ ಇತ್ತು. ಪಡಸಾಲೆಯ ಮಂಚದ ಮೇಲೆ ಕೂತ ನಮ್ಮ ಅತ್ತೆಗೆ, ಸೊಸೆ ರೊಟ್ಟಿ ಬಡಿಯುತ್ತಿದ್ದಾಳೆ ಎಂದು ಕೇಳಿಸಬೇಕಿತ್ತು, ಅಷ್ಟೇ. ರೊಟ್ಟಿ ಮಾತ್ರ ಆಗಲೇ ಬೆಟಗೇರಿಯಿಂದ ಬಂದು, ಬಟ್ಟೆ ಸುತ್ತಿಕೊಂಡು, ಡಬ್ಬಿಯಲ್ಲಿ ಬೆಚ್ಚಗೆ ಕೂತಿರುತ್ತಿತ್ತು.

ನಾನು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಅಂಗಡಿಕಾರರ ಮನೆಯಲ್ಲಿ. ರೊಟ್ಟಿ ಬಡಿಯಲು ಒಬ್ಬಾಕೆ ಬಂದು ಹೋಗುತ್ತಿದ್ದಳು. ನಮ್ಮವ್ವ "ನೀ ಓದ್ಕೋ" ಎಂದು ನನ್ನನ್ನು ಒಲೆಯ ಹತ್ತಿರ ಬಿಡಲೇ ಇಲ್ಲ. ಓದಿದೆ. ಈಗ ಗದಗಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಹಲಗೆಯ ಮೇಲೆ ಬರಿಗೈಯಲ್ಲಿ ವೃತ್ತ ಎಳೆದರೆ ಮಕ್ಕಳು ಬಾಯಿ ಬಿಟ್ಟು ನೋಡುತ್ತವೆ. ಅದೇ ಕೈ ಜೋಳದ ಹಿಟ್ಟಿನ ಮೇಲೆ ಬಿದ್ದರೆ ಜಿಲ್ಲೆಯ ನಕಾಶೆ ಆಗುತ್ತದೆ. ಒಂದು ಕಡೆ ಶಿರಹಟ್ಟಿ ಚಾಚಿಕೊಂಡಿರುತ್ತದೆ, ಇನ್ನೊಂದು ಕಡೆ ಮುಂಡರಗಿ ಹರಿದು ಜೋತಾಡುತ್ತಿರುತ್ತದೆ.

ಅತ್ತೆಯ ತವರು ಆ ಮುಂಡರಗಿಯೇ. ಅವರ ಕೈ ರೊಟ್ಟಿ ಎಂದರೆ ಬೀಗರ ಮನೆಗಳಲ್ಲೆಲ್ಲ ಮಾತಾಗುತ್ತಿತ್ತು. ಕಾಗದದಷ್ಟು ತೆಳು, ಆದರೆ ಎತ್ತಿದರೆ ಹರಿಯುವುದಿಲ್ಲ, ಹಂಚಿನ ಮೇಲೆ ಪೂರ್ತಿ ಉಬ್ಬುತ್ತದೆ. ಮದುವೆಯಾಗಿ ಬಂದ ನಾನು ಇಪ್ಪತ್ತು ವರ್ಷ ಆ ರೊಟ್ಟಿಯನ್ನು ಕೂತು ತಿಂದೆ. ಅವರು ಬಡಿಯುವುದು, ನಾನು ಶಾಲೆಗೆ ಹೋಗುವುದು, ಇಬ್ಬರಿಗೂ ಇದರಲ್ಲಿ ತಕರಾರಿರಲಿಲ್ಲ.

ಮೂರೂವರೆ ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ತೆಗೆದ ಮೇಲೂ ಬೆರಳುಗಳು ಪೂರ್ತಿ ಚಾಚಲಿಲ್ಲ. ಅವರು ಅಳಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕೂತು, "ಬಾ, ಈಗ ನೀ ಕಲಿ" ಅಂದರು. ಎರಡು ತಿಂಗಳು ಕಲಿಸಿದರು. ಎಸರು ಹೆಚ್ಚಾತು, ನಾದೂದು ಕಡಿಮಿ ಆತು, ಹಂಗ ಗುದ್ದಬ್ಯಾಡ, ಹಿಟ್ಟೇನು ನಿನ್ನ ವೈರಿ ಅಲ್ಲ. ನಾನು ಬಡಿದವೆಲ್ಲ ಅಂಚು ಹರಿದವು. ಅತ್ತೆ ಅವನ್ನು ಒಂದೊಂದಾಗಿ ಎತ್ತಿ, ಓಣಿಯ ಆಕಳಿಗೆ ಹಾಕಿಸುತ್ತಿದ್ದರು. ಆ ಆಕಳು ಮಾತ್ರ ನನ್ನ ಅಡುಗೆಗೆ ಯಾವತ್ತೂ ಕುಂದು ಹೇಳಲಿಲ್ಲ.

ಅತ್ತೆಗೆ ಅನ್ನ ಊಟವಲ್ಲ. ರೊಟ್ಟಿ ಹೊಟ್ಟೆಗೆ ಬಿದ್ದರೇ ಊಟ. ಹಾಗಾಗಿ ಊರೆಲ್ಲ ಒಳ್ಳೆಯ ರೊಟ್ಟಿ ಹುಡುಕಿದೆ. ಸ್ಟೇಷನ್ ರಸ್ತೆಯ ಖಾನಾವಳಿಯದನ್ನು ಮುರಿದು ನೋಡಿ, "ಇದನ್ನ ಬೇಯಿಸಿಲ್ಲ, ಒಣಗಿಸ್ಯಾರ" ಅಂದರು. ಮಷೀನಿನಲ್ಲಿ ಮಾಡಿದ್ದನ್ನು ತಂದರೆ, "ಇದಕ್ಕ ಮನಷ್ಯಾರ ಕೈ ಹತ್ತಿಲ್ಲ" ಎಂದು ತಟ್ಟೆ ಸರಿಸಿದರು. ಆಗ ದಿನಾ ಶಿರಹಟ್ಟಿಯಿಂದ ಬಸ್ಸಿಗೆ ಬರುವ, ತಿನ್ನುವ ವಿಷಯದಲ್ಲಿ ಎತ್ತಿದ ಕೈಯಾದ ನಮ್ಮ ಶಾಲೆಯ ಮಾಸ್ತರೊಬ್ಬರು ದಾರಿ ತೋರಿಸಿದರು. "ಬೆಟಗೇರ್ಯಾಗ ನೇಕಾರ ಓಣಿಗೆ ಹೋಗ್ರಿ ಅಕ್ಕೋರ. ಮಗ್ಗದ ಸಪ್ಪಳ ನಿಂತಲ್ಲಿ ರೊಟ್ಟಿ ಸಪ್ಪಳ ಕೇಳ್ತೈತಿ" ಅಂದರು.

ಕೇಳಿಸಿತು. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಮನೆಯ ಮುಂದಿನ ಕೋಣೆಯಲ್ಲೇ ಗ್ಯಾಸ್ ಒಲೆ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಆರು ರೊಟ್ಟಿ ಕೊಂಡು ತಂದೆ. ಅವತ್ತು ಅತ್ತೆ ಟೀವಿಯ ಮುಂದಿದ್ದರು. ಬಿಸಿ ಮಾಡಿ, ಬದನೆಕಾಯಿ ಪಲ್ಯದ ಜೊತೆ ತಟ್ಟೆಗೆ ಹಾಕಿದೆ. ಒಂದು ತುತ್ತು ಬಾಯಿಗಿಟ್ಟ ಅತ್ತೆಯ ಮುಖ ಅರಳಿತು. "ಬಂತು ನೋಡು! ಕೈ ಬಂತು ನಿನಗ!" ಅಂದರು. ಎಡಗೈಯಿಂದ ನನ್ನ ಗದ್ದ ಹಿಡಿದು ಅಲ್ಲಾಡಿಸಿದರು. ಮದುವೆಯಾದಾಗಿನಿಂದ ಅವರು ನನ್ನನ್ನು ಹಾಗೆ ಮುಟ್ಟಿರಲಿಲ್ಲ.

ಅಲ್ಲಿಯೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಅವರು ಪೇಪರ್ ಎತ್ತಿಕೊಂಡರು. ಪೇಚಿನ ಹೊತ್ತಿನಲ್ಲಿ ಪೇಪರ್ ಓದುವ ಮನುಷ್ಯ ಅವರು. ಮರುದಿನ ಅತ್ತೆ, "ಇನ್ನ ನಾ ಇಲ್ಲಿ ಕುಂತು ಮಾಡೂದೇನೈತಿ" ಎಂದು ಸ್ಟೂಲು ಬಿಟ್ಟು ಪಡಸಾಲೆಗೆ ಹೋದರು. ಮೂರನೆಯ ದಿನ ಅಲ್ಲಿಂದಲೇ, "ಯಾಕವಾ, ಬಡಿಯೋ ಸಪ್ಪಳನ ಬರಲಿಲ್ಲ?" ಎಂದು ಕೇಳಿದರು. ಆವತ್ತಿನಿಂದ ಶುರುವಾಯಿತು ನನ್ನ ಪರಾತದ ನಾಟಕ. ಕೈ ಒದ್ದೆ ಮಾಡಿಕೊಂಡು, ಚಿಟಿಕೆ ಹಿಟ್ಟು ಉದುರಿಸಿ, ತಾಳ ತಪ್ಪದಂತೆ ಬಡಿಯುವುದು. ಸಪ್ಪಳದ ಮಟ್ಟಿಗೆ ನಾನು ನಿಜಕ್ಕೂ ಪಳಗಿದೆ.

ಈ ವರ್ಷ ಬೇಸಿಗೆ ಹತ್ತಿರವಾಗುವಾಗ ಗ್ಯಾಸ್ ಸಿಗುವುದು ಕಷ್ಟವಾಯಿತು. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಬುಕ್ ಆಗಿದೆ ಎಂಬ ಮೆಸೇಜು ಬರುತ್ತಿತ್ತು, ಸಿಲಿಂಡರ್ ಬರುತ್ತಿರಲಿಲ್ಲ. ಬೆಳಗಾದರೆ ರಸ್ತೆಯ ಬದಿಗೆ ಖಾಲಿ ಸಿಲಿಂಡರುಗಳು ಸಾಲಾಗಿ ನಿಂತಿರುತ್ತಿದ್ದವು, ಅವುಗಳ ಯಜಮಾನರು ನೆರಳಲ್ಲಿ ಕೂತು ಸರ್ಕಾರ ನಡೆಸುತ್ತಿದ್ದರು. ಪೆಟ್ರೋಲಿಗೂ ಸಾಲು ಎಂಬ ಗುಲ್ಲೆದ್ದು, ಗುಲ್ಲಿನಿಂದಲೇ ಸಾಲು ಬೆಳೆಯಿತು. ಅಂಗಡಿಯಲ್ಲಿ ಕರೆಂಟಿನ ಒಲೆಗಳು ಖಾಲಿಯಾದವು. ಖಾನಾವಳಿಗಳು ರೊಟ್ಟಿ ನಿಲ್ಲಿಸಿ ಬರೀ ಅನ್ನ ಸಾರು ಇಟ್ಟವು. ಸಂಜೆಯಾದರೆ ಮಿರ್ಚಿ ಕರಿಯುವ ವಾಸನೆ ಬಾರದ ಗದಗನ್ನು ನಾನು ನೋಡಿಯೇ ಇರಲಿಲ್ಲ. ಜನ ಮಿರ್ಚಿ ಇಲ್ಲದೆ ಬರೀ ಮಂಡಕ್ಕಿಯ ಗಿರಮಿಟ್ ತಿನ್ನುತ್ತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಒಂದು ಊರು ತನ್ನ ಒಲೆಯ ಬಗ್ಗೆ ಇಷ್ಟು ಮಾತಾಡಿದ್ದು ನನಗೆ ಗೊತ್ತಿಲ್ಲ. ಒಲೆ ಹೊತ್ತಿಕೊಂಡಿದ್ದಾಗ ನಾವು ಅದರ ಮುಂದೆ ನಿಂತವರನ್ನೂ ಮರೆತಿರುತ್ತೇವೆ.

ಬೆಟಗೇರಿಯ ಹೆಂಗಸಿನ ಗ್ಯಾಸೂ ತೀರಿ, ಅವಳು ಬಾಗಿಲು ಮುಚ್ಚಿದಳು. ಅದೇ ವಾರ ನಮ್ಮ ಸಿಲಿಂಡರೂ ಮುಗಿಯಿತು. ಮನೆಯಲ್ಲಿ ಉಳಿದಿದ್ದು ಅನ್ನ ಬೇಯಿಸುವ ಕರೆಂಟಿನ ಕುಕ್ಕರ್ ಒಂದೇ. ಮೂರು ದಿನ ಅತ್ತೆ ಅನ್ನ ಮೊಸರು ತಿಂದರು. ಮೂರನೆಯ ದಿನ ಏಳುವಾಗ ಗೋಡೆ ಹಿಡಿದುಕೊಂಡರು. "ನಿಶ್ಶಕ್ತಿ ಆಗೈತಿ" ಅಂದರು. ಅವರಿಗೆ ಎಪ್ಪತ್ತೇಳು. ನನಗೆ ಭಯವಾಯಿತು.

ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ಸುಮ್ಮನೆ ಬೆಟಗೇರಿಯ ಕಡೆ ಸ್ಕೂಟರ್ ತಿರುಗಿಸಿದೆ. ಓಣಿಯ ತುದಿಯಲ್ಲೇ ಹೊಗೆ ಕಾಣಿಸಿತು. ರೊಟ್ಟಿಯ ಹೆಂಗಸಿನ ತಮ್ಮ ಸೊರಟೂರಿನಿಂದ ಹತ್ತಿ ಕಟ್ಟಿಗೆ ತಂದು ಹಾಕಿದ್ದ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಳು. ಅರ್ಧ ತಾಸು ಸಾಲಿನಲ್ಲಿ ನಿಂತು ಎಂಟು ರೊಟ್ಟಿ ತಂದೆ. ಎಷ್ಟು ಖುಷಿಯಾಗಿತ್ತೆಂದರೆ ಮನೆಗೆ ಬಂದವಳೇ ನೇರ ಅಡುಗೆಮನೆಗೆ ಹೋಗಿ, ಕೈ ಒದ್ದೆ ಮಾಡಿಕೊಂಡು, ಪರಾತ ಬಡಿಯಲು ನಿಂತುಬಿಟ್ಟೆ. ಮೂರು ವರ್ಷದ ರೂಢಿ. ಎಂಟು ರೊಟ್ಟಿಯ ಸಪ್ಪಳ ಮಾಡಿ, ತಟ್ಟೆ ತಂದು ಅತ್ತೆಯ ಮುಂದಿಟ್ಟೆ. ನನ್ನ ಗಂಡ ಕಣ್ಣಲ್ಲೇ ಏನೋ ಹೇಳುತ್ತಿದ್ದರು. ನನಗೆ ತಿಳಿಯಲಿಲ್ಲ.

ಅತ್ತೆ ರೊಟ್ಟಿ ಮುರಿದು ಮೂಗಿನ ಹತ್ತಿರ ಹಿಡಿದರು.

"ಹೊಗಿ ವಾಸನಿ ಐತಿ ಇದಕ್ಕ. ಗ್ಯಾಸ್ ಬಂತೇನು?"

"ಇಲ್ರಿ" ಅಂದೆ. ಅಂದ ಮೇಲೆ ನನಗೆ ಹೊಳೆಯಿತು.

"ಮತ್ತ ಎದರ ಮ್ಯಾಲ ಬೇಯಿಸಿದಿ?"

ಎಲ್ಲ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಒಂದೇ ಕೇಳಿದರು. "ಆವತ್ತಿಂದನ?"

"ಹೌದ್ರಿ."

ಮುರಿದ ತುಂಡನ್ನು ತಟ್ಟೆಯಲ್ಲಿಟ್ಟರು. "ಮುಂಡರಗ್ಯಾಗ ನಮ್ಮ ತಂಗಿಗೆ ಹೇಳಿದ್ದೆ, ನನ್ನ ಕೈ ಸೊಸಿಗೆ ಬಂತು ಅಂತ. ನನ್ನ ಕೈ ಹೋತು ಅಂತ ನಾ ಒಂದ ದಿನಾನೂ ಅತ್ತಿಲ್ಲ. ನಿನಗ ಬಂತಲ್ಲ ಅಂತ ಸುಮ್ಮನಿದ್ದೆ" ಅಂದರು. ಎದ್ದು ಕೈ ತೊಳೆದುಕೊಂಡರು.

ಆ ರಾತ್ರಿ ನನಗೆ ನಾಚಿಕೆಯ ಜೊತೆ ಸಿಟ್ಟೂ ಬಂತು. ಬೆಳಗಿನಿಂದ ಸಂಜೆಯ ತನಕ ನಿಂತು ಪಾಠ ಮಾಡಿ ಬಂದವಳು ರೊಟ್ಟಿಯನ್ನು ಕೊಂಡು ತಂದರೆ ಅದೇನು ಕಳವೇ? ಆ ಕೈ ಸೊಸೆಗೇ ಯಾಕೆ ಬರಬೇಕು, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಯಾಕೆ ಬರಬಾರದು? ಮೂರು ವರ್ಷ ತಿಂದು ಪೇಪರ್ ಓದಿದವರನ್ನು ಯಾರೂ ಏನೂ ಕೇಳಲಿಲ್ಲ. ಇದೆಲ್ಲ ನಿಜವೇ. ಆದರೆ ನನ್ನನ್ನು ಚುಚ್ಚುತ್ತಿದ್ದದ್ದು ಬೇರೆ. ಕೊಂಡಿದ್ದು ತಪ್ಪಲ್ಲ, ಬಡಿದಿದ್ದು ತಪ್ಪು. ಅವರ ಕೈ ಇನ್ನೂ ಬದುಕಿದೆ ಎಂದು ನಾನು ದಿನಾ ಏಳು ಗಂಟೆಗೆ ಸುಳ್ಳು ಸಪ್ಪಳ ಮಾಡಿದ್ದೆ. ಅವರು ಅದನ್ನು ಕೇಳುತ್ತ ನೆಮ್ಮದಿಯಾಗಿ ಕೂತಿದ್ದರು.

ಮತ್ತೆರಡು ದಿನ ಅತ್ತೆ ರೊಟ್ಟಿ ಮುಟ್ಟಲಿಲ್ಲ. ರವಿವಾರ ಬೆಳಿಗ್ಗೆ ಕೋಲು ಹಿಡಿದು ಬಾಗಿಲಲ್ಲಿ ನಿಂತು, "ನಡಿ. ಆಕೀನ ತೋರಸು" ಅಂದರು. ಆಟೋ ಸಿಗುವುದೇ ಕಷ್ಟ. ಕೊನೆಗೆ ಒಬ್ಬ ಒಪ್ಪಿದ. "ಬರೂವಾಗ ಸಿಗ್ತೀನಿ ಅಂತ ಹೇಳಾಕಾಗೂದಿಲ್ರಿ" ಎಂದು ಮೊದಲೇ ಹೇಳಿದ.

ರೊಟ್ಟಿಯ ಹೆಂಗಸು ನಮ್ಮನ್ನು ನೋಡಿ ಎದ್ದಳು. "ಬರ್ರಿ ಅಕ್ಕೋರ. ಆಯಿ, ಈ ಬಾಜೂಕ ಕುಂಡ್ರಿ, ಹೊಗಿ ಆ ಕಡಿ ಹೊಕ್ಕೈತಿ" ಎಂದು ಮಣೆ ಹಾಕಿದಳು. ಅತ್ತೆ ಕೂತು ಮೂರು ರೊಟ್ಟಿ ಆಗುವವರೆಗೆ ಅವಳ ಕೈಯನ್ನೇ ನೋಡಿದರು. ಶಾಲೆಗೆ ತಪಾಸಣೆಗೆ ಬರುವ ಅಧಿಕಾರಿಗಳೂ ಹಾಗೆ ನೋಡುವುದಿಲ್ಲ.

"ಕೈ ಛಲೋ ಐತಿ. ಎಷ್ಟ ದಿನಕ್ಕ ಬಂತು?" ಎಂದು ಕೇಳಿದರು.

ಅವಳು ನಕ್ಕಳು. "ದಿನಕ್ಕೆಲ್ಲಿ ಬರ್ತೈತ್ರಿ ಆಯಿ! ಎರಡು ವರ್ಷ ಬರೇ ಹರಕ ರೊಟ್ಟಿ ಬಡದೀನಿ."

"ಹರದದ್ದನ್ನ ಏನ್ ಮಾಡ್ತಿದ್ದಿ?"

"ಏನ್ ಮಾಡೂದ್ರಿ? ಮನಿ ಮಂದಿ ತಿಂತಿದ್ರು. ನಮ್ಮಪ್ಪ ಹರದದ್ದನ್ನ ಮೊದಲ ತಗೋತಿದ್ದ. ಪಲ್ಯಾ ಹೆಚ್ಚ ಹಿಡೀತೈತಿ ಅಂತಿದ್ದ" ಎಂದು ಹಂಚಿನ ಮೇಲಿನ ರೊಟ್ಟಿ ತಿರುವಿದಳು.

ನನಗೆ ನಮ್ಮ ಓಣಿಯ ಆಕಳು ನೆನಪಾಯಿತು. ಅತ್ತೆಗೂ ಅದೇ ನೆನಪಾಗಿರಬೇಕು. ನನ್ನ ಕಡೆ ಒಮ್ಮೆ ನೋಡಿ, ತಿರುಗಿ ಒಲೆಯನ್ನೇ ನೋಡುತ್ತ ಕೂತರು. ಏಳುವ ಮೊದಲು ಕಟ್ಟಿಗೆಯೊಂದನ್ನು ಎಡಗೈಯಿಂದ ಹಿಂದಕ್ಕೆಳೆದು ಉರಿ ಸರಿ ಮಾಡಿದರು. ಹೊಗೆ ಸ್ವಲ್ಪ ಕಡಿಮೆಯಾಯಿತು.

ಮರಳುವಾಗ ಆಟೋಗೆ ಮುಕ್ಕಾಲು ತಾಸು ಕಾದೆವು. ಅತ್ತೆ ರೊಟ್ಟಿಯ ಗಂಟನ್ನು ಮಡಿಲಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಅಲ್ಲಿ ಹೇಳಿದ್ದು ಒಂದೇ ಮಾತು. "ಎಸರು ಒಂದ್ ಚೂರು ಹೆಚ್ಚ ಹಾಕ್ತಾಳ ಆಕಿ." ಮನೆಗೆ ಬಂದು ಒಂದೂವರೆ ರೊಟ್ಟಿ ತಿಂದರು. ನನ್ನ ಜೀವಕ್ಕೆ ಸಮಾಧಾನವಾಯಿತು.

ಮುಂದಿನ ವಾರ ಸಿಲಿಂಡರ್ ಬಂತು. ಆವತ್ತು ಸಂಜೆ ನಾನು ಎಂದಿನಂತೆ ಬೆಟಗೇರಿಯಿಂದ ರೊಟ್ಟಿ ತಂದು, ಮುಚ್ಚಿಡದೆ, ಪಡಸಾಲೆಯಲ್ಲೇ ಎಲ್ಲರೆದುರು ಡಬ್ಬಿಗೆ ಹಾಕಿದೆ. ಬಿಸಿ ಮಾಡಲು ಒಳಗೆ ಹೋದೆ. ಒಲೆ ಹಚ್ಚಿ, ಸುಮ್ಮನೆ ನಿಂತಿದ್ದೆ. ಏಳು ಗಂಟೆಯಾಗಿತ್ತು. ಮನೆಯಲ್ಲಿ ಸಪ್ಪಳವೇ ಇರಲಿಲ್ಲ.

ಪಡಸಾಲೆಯಿಂದ ಅತ್ತೆಯ ಧ್ವನಿ ಬಂತು. "ಆಕೀವು ಇರಲಿ. ಒಂದ ನೀ ಬಡಿ."

ಗೋಡೆಗೆ ಒರಗಿಸಿದ್ದ ಪರಾತ ಇಳಿಸಿದೆ.

"ಹಿಟ್ಟು ಹಾಕಿ ಬಡಿ" ಅಂದರು.

ಎಸರು ಕಾಯಿಸಿ, ನಾದಿ, ಬಡಿದೆ. ನಾಟಕದಲ್ಲಿ ಕೂಡುತ್ತಿದ್ದ ತಾಳ ಹಿಟ್ಟಿನ ಮೇಲೆ ಕೂಡಲಿಲ್ಲ. ರೊಟ್ಟಿ ಎರಡು ಕಡೆ ಹರಿಯಿತು, ಒಂದು ಕಡೆ ಕಪ್ಪಾಯಿತು. ಅದನ್ನು ಬೆಟಗೇರಿಯ ರೊಟ್ಟಿಗಳ ಅಡಿಗೆ ಇಟ್ಟು ತಟ್ಟೆ ಒಯ್ದೆ. ಅತ್ತೆ ಮೇಲಿನವನ್ನೆಲ್ಲ ಎಡಗೈಯಿಂದ ಸರಿಸಿ, ಅಡಿಯದನ್ನು ಎಳೆದರು. ಅದರ ಮೇಲೆ ಪಲ್ಯ ಹಾಕಿಕೊಂಡು ಒಂದು ತುತ್ತು ತಿಂದರು. ಉಳಿದದ್ದರಲ್ಲಿ ಅರ್ಧ ಹರಿದು, ಪೇಪರಿನ ಮರೆಯಲ್ಲಿದ್ದ ಮಗನ ತಟ್ಟೆಗೆ ಹಾಕಿದರು.

"ತಿನ್ನು" ಅಂದರು. "ಇನ್ನ ಎರಡು ವರ್ಷ ತಿನ್ನೂದೈತಿ."