ಹುಬ್ಬಳ್ಳಿಯಲ್ಲಿ ನಾನು ಹೇಳಿದ ‘ಇಲ್ಲ’

ಬೆಳಿಗ್ಗೆ ಏಳಕ್ಕೆ ರಾಣೆಬೆನ್ನೂರಿನಿಂದ ಹುಬ್ಬಳ್ಳಿ ಬಸ್ಸು ಹೊರಟಿತು. ಕುಪ್ಪೇಲೂರಿನಿಂದ ಕರೆತಂದ ಅಕ್ಕ ಗಂಗವ್ವ ಕಿಟಕಿಯ ಪಕ್ಕ ಕುಳಿತಳು. ಎಡ ಎದೆಯ ಕ್ಯಾನ್ಸರ್ ಗಂಟನ್ನು ಆಪರೇಷನ್ ಮಾಡಿ ತೆಗೆದಿದ್ದರು. ಇನ್ನು ರೇಡಿಯೇಷನ್ ಬಾಕಿ ಇತ್ತು. ಅದೇ ಬದಿಯ ಕೊರಳೆಲುಬಿನ ಕೆಳಗೆ, ನಾಲ್ಕು ವರ್ಷದ ಹಿಂದೆ ಕೂರಿಸಿದ ಪೇಸ್‌ಮೇಕರ್ ಇತ್ತು.

ಮೋಟೆಬೆನ್ನೂರಿನ ಬಳಿ ಮೆಣಸಿನಕಾಯಿ ಲಾರಿಗಳು ಬ್ಯಾಡಗಿಯತ್ತ ಸಾಲಾಗಿ ತಿರುಗುತ್ತಿದ್ದವು. ನನ್ನ ಮೆಣಸಿನಕಾಯಿ ಅಂಗಡಿ ಬ್ಯಾಡಗಿಯಲ್ಲೇ. ಈಗ ಸೀಜನ್ನು.

“ಅಕ್ಕಾ, ಪೇಸ್‌ಮೇಕರ್ ಸುದ್ದಿ ತೆಗೀಬ್ಯಾಡ. ರೇಡಿಯೇಷನ್ ಕೊಡೂದಿಲ್ಲ ಅಂತಾರ” ಎಂದೆ.

“ಆತು” ಎಂದಳು.

ಹಾವೇರಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಡ್ಲಿ ತಿನ್ನುವಾಗಲೂ ಅವಳು ಎಡಭುಜದ ಮೇಲಿನ ಸೆರಗನ್ನು ಎಳೆದೆಳೆದು ಮುಚ್ಚಿಕೊಳ್ಳುತ್ತಿದ್ದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: “ಮೈಯಾಗ ಪೇಸ್‌ಮೇಕರ್ ಗೀಸ್‌ಮೇಕರ್ ಏನಾರ ಐತೇನ್ರಿ?”

“ಇಲ್ರಿ” ಎಂದುಬಿಟ್ಟೆ.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸರಿಸಿ, ಚೀಲದಿಂದ ಪೇಸ್‌ಮೇಕರಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. “ಐತ್ರಿ. ತಮ್ಮಗ ನೆನಪಾಗಿಲ್ಲ.”



ಡಾಕ್ಟರಮ್ಮ ಕಾರ್ಡು ಓದಿ ನನ್ನ ಕಡೆ ತಿರುಗಿದರು. “ಪೇಸ್‌ಮೇಕರ್ ಇದ್ರೂ ರೇಡಿಯೇಷನ್ ಕೊಡ್ತೇವ್ರಿ. ಆದ್ರ ನಮಗ ಗೊತ್ತಿರಬೇಕು. ಕಿರಣ ಅದರ ಮ್ಯಾಲ ನೇರ ಬೀಳದಂಗ ಪ್ಲಾನ್ ಮಾಡಬೇಕು. ಹಾರ್ಟ್ ಡಾಕ್ಟರ್ ಮೊದಲ ತಪಾಸ್ ಮಾಡ್ತಾರ, ನಡುನಡುವ, ಮುಗದ ಮ್ಯಾಲೂ ನೋಡ್ತಾರ. ಅದು ಕೆಟ್ರ ಇವರ ಎದಿ ಬಡಿತಾನ ತಪ್ಪಬಹುದು. ಇನ್ನೊಮ್ಮೆ ಮರೀಬ್ಯಾಡ್ರಿ.”

‘ಮರೀಬ್ಯಾಡ್ರಿ’ ಎಂಬ ಮಾತನ್ನು ಅವರು ನಿಧಾನವಾಗಿ ಹೇಳಿದರು.

ದಿನಗಟ್ಟಲೆ ಅಲೆಯಬೇಕಾದೀತೆಂದು ನಾನು ಹೆದರಿದ್ದ ಹೃದಯದ ತಪಾಸಣೆ ಮಧ್ಯಾಹ್ನ ಅರ್ಧ ತಾಸಿನಲ್ಲಿ ಮುಗಿಯಿತು. ಪ್ಲಾನಿಂಗ್ ಸ್ಕ್ಯಾನಿಗೆ ಸೋಮವಾರ ಬರಲು ಹೇಳಿದರು.

ವಾಪಸು ಬರುವಾಗ ಹಾವೇರಿಯಲ್ಲಿ ಹತ್ತಿದ ಹೆಂಗಸೊಬ್ಬಳಿಗೆ ಅಕ್ಕ ತನ್ನ ಕಾಯಿಲೆಯ ವಿಷಯ ಹೇಳುತ್ತಿದ್ದಳು. “ತಮ್ಮ ಅಂಗಡಿ ಬಿಟ್ಟು ಬಂದಾನ್ರಿ ನನ್ನ ಸಲುವಾಗಿ” ಎಂದಳು. ನಾನು ಹೊರಗೆ ನೋಡುತ್ತ ಕುಳಿತೆ.

ರಾಣೆಬೆನ್ನೂರಿನಲ್ಲಿ ಇಳಿದ ಮೇಲೆ ತಡೆಯಲಾಗಲಿಲ್ಲ. “ಅಕ್ಕಾ, ನಿನಗ ರೇಡಿಯೇಷನ್ ಕೊಡೂದಿಲ್ಲ ಅಂತ ಅಷ್ಟ ಅಲ್ಲ. ಸೀಜನ್ನಿನಾಗ ಮತ್ತ ಹಾರ್ಟ್ ಡಾಕ್ಟರ್ ಕಡೆ ಓಡಾಡಬೇಕಲ್ಲ ಅಂತ ಹಂಗ ಹೇಳಿದೆ.”

“ಗೊತ್ತೈತಿ” ಎಂದಳು. ಕೋಪವಿರಲಿಲ್ಲ. “ಸೋಮವಾರ ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿ ಐತಿ, ನೀ ಅಂಗಡ್ಯಾಗ ಇರಬೇಕು. ನಾ ಒಬ್ಬಾಕೀನ ಹೋಗ್ತೇನಿ ತೊಗೊ.”

“ನಾ ಬರ್ತೇನಿ” ಎಂದೆ.

ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಕುಪ್ಪೇಲೂರು ಬಸ್ಸಿನ ಕಿಟಕಿಯಿಂದ ಅವಳು ನನಗೆ ಕೈ ಬೀಸಿದಳು. ನನಗೆ ಕೈ ಎತ್ತಲಾಗಲಿಲ್ಲ.